ದೇಶದ ಉತ್ಪನ್ನ: ಬೇಗನೆ ಎಣಿಸುವುದೋ, ಸರಿಯಾಗಿ ಎಣಿಸುವುದೋ?

ಜ್ವರಮಾಪಕವನ್ನು ನಾಲಗೆಯ ಕೆಳಗಿಟ್ಟ ಮರುಕ್ಷಣವೇ ತೆಗೆದು ನೋಡಿದರೆ, ಪಾದರಸವು ಶರೀರದ ನಿಜವಾದ ಉಷ್ಣತೆಯನ್ನು ಇನ್ನೂ ಮುಟ್ಟಿರುವುದಿಲ್ಲ. ಸರಿಯಾದ ಅಳತೆಗೆ ಕಾಲಾವಕಾಶ ಬೇಕು. ದೇಶದ ಆರ್ಥಿಕ ಉತ್ಪನ್ನದ ಅಳತೆಗೂ ಈ ಮಾತು ಸಲ್ಲುತ್ತದೆ. ಆದರೆ ವೈದ್ಯನು ಎರಡು ಮೂರು ನಿಮಿಷ ಕಾದರೆ ಸಾಕು. ದೇಶದ ಲೆಕ್ಕ ಪೂರ್ಣವಾಗಲು ವರ್ಷಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ಸರ್ಕಾರವು ಕೈಕಟ್ಟಿ ಕುಳಿತಿರಲಾಗದು.

ಒಂದು ಅವಧಿಯಲ್ಲಿ ದೇಶದೊಳಗೆ ತಯಾರಾದ ಅಂತಿಮ ಸರಕು ಮತ್ತು ಸೇವೆಗಳ ಒಟ್ಟು ಮೌಲ್ಯವೇ ಒಟ್ಟು ಆಂತರಿಕ ಉತ್ಪನ್ನ. ಅಮೆರಿಕದಲ್ಲಿ ಮೂರು ತಿಂಗಳಿಗೊಮ್ಮೆ ಇದನ್ನು ಲೆಕ್ಕಹಾಕಿ, ಅವಧಿ ಮುಗಿದ ಸುಮಾರು ಒಂದು ತಿಂಗಳಿಗೆ ಸಾಮಾನ್ಯವಾಗಿ ಮೊದಲ ಅಂದಾಜನ್ನು ಪ್ರಕಟಿಸುವರು. ಅಷ್ಟರಲ್ಲಿ ಎಲ್ಲ ವರದಿಗಳೂ ಕೈಸೇರಿರುವುದಿಲ್ಲ. ಬಾರದಿರುವ ಅಂಕಿಗಳ ಸ್ಥಾನದಲ್ಲಿ, ಬಹುಮಟ್ಟಿಗೆ ಹಿಂದಿನ ತಿಂಗಳುಗಳ ಗತಿಯನ್ನು ನೋಡಿ ಊಹಿಸಿದ ಅಂಕಿಗಳನ್ನು ತುಂಬುವರು.

2008ರ ಕೊನೆಯ ಮೂರು ತಿಂಗಳುಗಳ ಲೆಕ್ಕವು ಇದಕ್ಕೆ ಒಳ್ಳೆಯ ನಿದರ್ಶನ. ಆ ವರ್ಷದ ಸೆಪ್ಟೆಂಬರಿನಲ್ಲಿ ಲೇಮನ್ ಬ್ರದರ್ಸ್ ಬ್ಯಾಂಕು ದಿವಾಳಿಯೆದ್ದು ವ್ಯಾಪಾರವೆಲ್ಲ ಕುಗ್ಗಿಹೋಗಿತ್ತು. ಇಳಿತದ ವೇಗವು ವರ್ಷಕ್ಕೆ ಶೇಕಡ 3.8ರಷ್ಟಿದೆಯೆಂದು 2009ರ ಜನವರಿ 30ರ ಮೊದಲ ಅಂದಾಜು ಹೇಳಿತು. ಫೆಬ್ರವರಿ 17ರಂದು ಅಧ್ಯಕ್ಷ ಒಬಾಮಾ ಅವರು ಸುಮಾರು 78,700 ಕೋಟಿ ಡಾಲರುಗಳ ಚೇತರಿಕೆಯ ಕಾಯಿದೆಗೆ ಸಹಿ ಹಾಕಿದರು. ಹತ್ತು ದಿನಗಳ ತರುವಾಯ ಬಂದ ಎರಡನೆಯ ಅಂದಾಜಿನಲ್ಲಿ ಆ ಅಂಕಿ 6.2 ಆಯಿತು, 2011ರ ಪರಿಷ್ಕರಣದಲ್ಲಿ 8.9ನ್ನು ಮುಟ್ಟಿತು. ರೋಗವು ಮೊದಲು ಕಂಡದ್ದಕ್ಕಿಂತ ಎರಡು ಪಾಲಿಗೂ ಮಿಗಿಲಾಗಿತ್ತು. ಔಷಧದ ಪ್ರಮಾಣವನ್ನು ನಿಶ್ಚಯಿಸಿದಾಗ ಅದು ತಿಳಿದಿರಲಿಲ್ಲ.

ಗತಿಯು ಸಮನಾಗಿದ್ದಾಗ ನಿನ್ನೆಯಿಂದ ಇಂದನ್ನು ಊಹಿಸುವ ಕ್ರಮವು ಸಾಕಷ್ಟು ಚೆನ್ನಾಗಿಯೇ ನಡೆಯುತ್ತದೆ. ತಿರುವಿನಲ್ಲಿ ಅದು ಕೈಕೊಡುತ್ತದೆ. ಅಂದಾಜಿನ ಅಗತ್ಯವು ಅತ್ಯಂತ ಹೆಚ್ಚಾಗಿರುವುದೂ ತಿರುವಿನಲ್ಲಿಯೇ ಎಂಬುದು ಇಲ್ಲಿನ ಕಷ್ಟ.

ಹಾಗಾದರೆ ಕಾಯಬೇಕಾಗಿತ್ತೇ? 3.8 ಎಂಬುದು ಪ್ರಮಾಣದಲ್ಲಿ ತಪ್ಪಿದರೂ ದಿಕ್ಕಿನಲ್ಲಿ ತಪ್ಪಿರಲಿಲ್ಲ. 2011ರ ನಿಖರತೆಯು 2009ರ ಚಿಕಿತ್ಸೆಗೆ ಒದಗುವಂತೆಯೂ ಇರಲಿಲ್ಲ. ಬ್ರಿಟನ್ ದೇಶವು 2018ರಲ್ಲಿ, ಹೆಚ್ಚು ವರದಿಗಳನ್ನು ಸೇರಿಸಿಕೊಳ್ಳುವುದಕ್ಕಾಗಿ ತನ್ನ ಮೊದಲ ತ್ರೈಮಾಸಿಕ ಅಂದಾಜನ್ನು ಸುಮಾರು ಎರಡು ವಾರ ತಡವಾಗಿ ಪ್ರಕಟಿಸಲು ಮೊದಲುಮಾಡಿತು. ಎಷ್ಟು ಕಾದರೆ ಲಾಭ, ಎಷ್ಟು ಕಾದರೆ ನಷ್ಟ ಎಂಬ ತೂಕ ಪ್ರತಿ ದೇಶಕ್ಕೂ ಅನಿವಾರ್ಯ.

ಪ್ರಯೋಗಶಾಲೆಯಲ್ಲಿ ಅಳತೆಯ ಜೊತೆಗೆ ದೋಷದ ಮಿತಿಯನ್ನೂ ಬರೆದಿಡುವುದು ಪದ್ಧತಿ. ವೃತ್ತಪತ್ರಿಕೆಯಲ್ಲಿ ದೇಶದ ಉತ್ಪನ್ನದ ಅಂಕಿಯನ್ನು ಕಂಡಾಗ, ಇದು ಎಷ್ಟನೆಯ ಅಂದಾಜು, ಇಂತಹ ಅಂದಾಜುಗಳು ಹಿಂದೆ ಎಷ್ಟು ಬದಲಾಗಿದ್ದವು ಎಂದು ಕೇಳಿಕೊಳ್ಳುವುದು ವಾಚಕರಿಗೂ ಒಳ್ಳೆಯ ಅಭ್ಯಾಸ.