ಮಕ್ಕಳಿಗೆ ಹೊಲಿಗೆ ಕಲಿಸೋಣ, ಸೂಜಿ ಹಟ್ಟಿಗೆ ಹೋಗದಿರಲಿ

ಶಾಲೆ ಶುರುವಾಗುವ ಹೊತ್ತಿಗೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪೇಟೆಗಳ ಟೈಲರ್ ಅಂಗಡಿಗಳಲ್ಲಿ ಸಮವಸ್ತ್ರದ ರಾಶಿ ಬಿದ್ದಿರುತ್ತದೆ. ಒಂದು ಗುಂಡಿ ಹಾಕಿಸಲು ಹೋದರೂ “ನಾಳೆ ಬನ್ನಿ” ಎನ್ನುತ್ತಾರೆ. ಎರಡು ಹೊತ್ತು ಹಾಲು ಕರೆದು ಸೊಸೈಟಿಗೆ ಮುಟ್ಟಿಸುವ ನಿಮಗೆ ಇದಕ್ಕಾಗಿ ಪೇಟೆಗೆ ಅಲೆಯಲು ಸಮಯವೆಲ್ಲಿ? ಗುಂಡಿ ಹಾಕುವುದು, ಬಿಚ್ಚಿದ ಅಂಚು ಹೊಲಿಯುವುದು ಏಳೆಂಟು ವರ್ಷದ ಮಗು ಕಲಿಯಬಹುದಾದ ಕೆಲಸ. ಹುಡುಗರಿಗೂ ಕಲಿಸಿ. ಪೇಟೆಯಲ್ಲಿ ಹೊಲಿಗೆಯಿಂದಲೇ ಸಂಸಾರ ಸಾಗಿಸುವ ಗಂಡಸರು ಎಷ್ಟು ಮಂದಿ ಇಲ್ಲ!

ಆದರೆ ದನ ಇರುವ ಮನೆಯಲ್ಲಿ ಮೊದಲ ಪಾಠ ಹೊಲಿಗೆಯದ್ದಲ್ಲ, ಸೂಜಿ ಎಣಿಸುವುದು. ದನ ಮೇವನ್ನು ಆಯ್ದು ತಿನ್ನುವುದಿಲ್ಲ. ನಾಲಿಗೆಯಿಂದ ಸುತ್ತಿ ಎಳೆದು, ಸರಿಯಾಗಿ ಅಗಿಯದೆ ನುಂಗುತ್ತದೆ. ಹುಲ್ಲಿನಲ್ಲಿ ಸೂಜಿ, ತಂತಿ ಚೂರು ಇದ್ದರೆ ಅದೂ ಒಳಗೆ ಹೋಗಿ, ಜೇನುಗೂಡಿನಂತಿರುವ ಎರಡನೇ ಹೊಟ್ಟೆಯಲ್ಲಿ ನಿಲ್ಲುತ್ತದೆ. ಆ ಹೊಟ್ಟೆಗೂ ಹೃದಯಕ್ಕೂ ನಡುವೆ ಇರುವುದು ವಪೆ ಮಾತ್ರ. ಹೊಟ್ಟೆ ಹಿಂಡಿದಂತೆಲ್ಲ ಸೂಜಿ ಮುಂದಕ್ಕೆ ಚುಚ್ಚಿ ಹೃದಯದ ಪೊರೆಯನ್ನು ತಲುಪಬಹುದು. ತುಂಬು ಗಬ್ಬದ ದನಕ್ಕೆ ಕರುವಿನ ಭಾರದಿಂದ ಅಪಾಯ ಇನ್ನೂ ಹೆಚ್ಚು.

ಹಾಲು ಇದ್ದಕ್ಕಿದ್ದಂತೆ ಇಳಿಯುವುದು, ಮೇವು ಬಿಡುವುದು, ಬೆನ್ನು ಗೂನು ಮಾಡಿ ಮುಂಗಾಲಿನ ಮೊಣಕೈ ಅಗಲಿಸಿ ನಿಲ್ಲುವುದು, ಇಳಿಜಾರಿನಲ್ಲಿ ಇಳಿಯಲು ಹಿಂಜರಿಯುವುದು ಇದರ ಲಕ್ಷಣಗಳು. ತಡವಾದರೆ ಎದೆಯ ಕೆಳಗೆ ನೀರು ತುಂಬಿ ಬಾವು ಬರುತ್ತದೆ. ಆ ಹಂತದಲ್ಲಿ ದನ ಉಳಿಯುವುದು ಕಷ್ಟ. ಅಜೀರ್ಣವೆಂದು ಮನೆಮದ್ದು ಮಾಡುತ್ತ ಕೂರದೆ ಪಶುವೈದ್ಯರನ್ನು ಕರೆಯಿರಿ. ಬೇಗ ತಿಳಿದರೆ ಅಯಸ್ಕಾಂತ ನುಂಗಿಸಿ ಅಥವಾ ಶಸ್ತ್ರಚಿಕಿತ್ಸೆ ಮಾಡಿ ಉಳಿಸಿಕೊಳ್ಳಬಹುದು.

ಹಾಗಾಗಿ ಹೊಲಿಗೆ ಜಗಲಿಯಲ್ಲಿ, ಚಾಪೆಯ ಮೇಲೆ ನಡೆಯಲಿ. ಹಟ್ಟಿಯ ಬಳಿಯಾಗಲಿ, ಬೈಹುಲ್ಲಿನ ಹತ್ತಿರವಾಗಲಿ ಬೇಡ. ಕೊಡುವಾಗ ಎಷ್ಟು ಸೂಜಿಯೋ, ಎತ್ತಿಡುವಾಗಲೂ ಅಷ್ಟೇ ಇರಬೇಕು. ಮುರಿದರೆ ಎರಡೂ ತುಂಡು ಸಿಗಬೇಕು. ಸೂಜಿಯಲ್ಲಿ ಯಾವಾಗಲೂ ಕೆಂಪು ನೂಲು ಇದ್ದರೆ ಬಿದ್ದಾಗ ಕಾಣುತ್ತದೆ. ಹಾಳಾದ ಸ್ಪೀಕರಿನ ಅಯಸ್ಕಾಂತವೊಂದು ಮನೆಯಲ್ಲಿರಲಿ, ಹುಡುಕಲು ಒಳ್ಳೆಯದು. ಬೀಡಿ ಎಲೆ ಕತ್ತರಿಸುವ ಕತ್ತರಿಯನ್ನು ಚಿಕ್ಕ ಮಕ್ಕಳಿಗೆ ಕೊಡಬೇಡಿ.

ಇನ್ನು ಹೊಲಿಗೆ. ಸೆಣಬಿನ ಗೋಣಿಯ ತುಂಡಿನ ಮೇಲೆ ಗೆರೆ ಎಳೆದು, ದಪ್ಪ ಸೂಜಿಯಿಂದ ಮೇಲೆ-ಕೆಳಗೆ ಪೋಣಿಸಲು ಹೇಳಿ. ನೂಲು ಒಂದು ಮೊಳ ಸಾಕು, ಉದ್ದವಾದರೆ ಸಿಕ್ಕಾಗುತ್ತದೆ. ಕೈ ಕುದುರಿದ ಮೇಲೆ ಹಳೆಯ ಪಂಚೆ ಹರಿದು, ಅಂಚನ್ನು ಎರಡು ಸಲ ಮಡಚಿ, ಕೆಚ್ಚಲು ಒರೆಸುವ ಬಟ್ಟೆ ಹೊಲಿಸಿ. ಒಂದೇ ಬಟ್ಟೆಯಲ್ಲಿ ಎಲ್ಲ ದನಗಳ ಕೆಚ್ಚಲು ಒರೆಸಿದರೆ ಕೆಚ್ಚಲು ಬಾವು ಒಂದರಿಂದ ಇನ್ನೊಂದಕ್ಕೆ ಹರಡುತ್ತದೆಯಷ್ಟೆ? ಒಂದೊಂದು ದನದ ಬಟ್ಟೆಗೆ ಒಂದೊಂದು ಬಣ್ಣದ ನೂಲು ಹಾಕಿದರೆ ಅದಲುಬದಲಾಗುವುದಿಲ್ಲ. ಯಾವ ಬಣ್ಣ ಯಾರಿಗೆಂದು ಮಕ್ಕಳೇ ತೀರ್ಮಾನಿಸಲಿ.

ಗುಂಡಿ ಹಾಕುವಾಗ ಅದರ ಮೇಲೆ ಬೆಂಕಿಕಡ್ಡಿ ಇಟ್ಟು ಹೊಲಿದು, ಕಡ್ಡಿ ತೆಗೆದು, ಗುಂಡಿಯ ಬುಡಕ್ಕೆ ನೂಲು ನಾಲ್ಕು ಸುತ್ತು ಸುತ್ತಬೇಕು. ಆಗ ಕಾಜಾ ಎಳೆಯುವುದಿಲ್ಲ. ಸಮವಸ್ತ್ರ ಹೊಲಿಸುವಾಗ ಕೆಳಗೆ ಎರಡು ಇಂಚು ಮಡಿಕೆ ಬಿಡಿಸಿಕೊಳ್ಳಿ. ಮುಂದಿನ ವರ್ಷ ಅದನ್ನು ಬಿಚ್ಚಿ ಇಳಿಸುವ ಕೆಲಸ ಮಗುವಿನದ್ದೇ.

ಮೆಷಿನ್ ಕಲಿಯುವ ಆಸೆಯಿರುವ, 18 ತುಂಬಿದ ಮಕ್ಕಳಿದ್ದರೆ ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಇದೆ. ತರಬೇತಿ, ಊಟ, ವಸತಿ ಎಲ್ಲವೂ ಉಚಿತ. ಹೊಲಿಗೆ ತರಬೇತಿ ಯಾವಾಗ ಎಂದು ಅಲ್ಲೇ ವಿಚಾರಿಸಿ.