ಇಳಿಜಾರಿನ ಹಿತ್ತಲು, ಹುಲ್ಲಿನ ಯಂತ್ರ

ಊರಿಗೆ ಕಳುಹಿಸುವ ಚಿತ್ರಗಳಲ್ಲಿ ನಮ್ಮ ಹಿತ್ತಲು ಬಹಳ ಚೆಂದ ಕಾಣುತ್ತದೆ. ಮನೆಯ ಹಿಂಬದಿಯಿಂದ ಕೆಳಗಿನ ಹಳ್ಳದವರೆಗೆ ಇಳಿದುಹೋಗುವ ಹಸಿರು ಹುಲ್ಲು, ಅದರಾಚೆ ಮೇಪಲ್ ಮರಗಳ ಸಾಲು. ನೋಡಿದ ಬಂಧುಗಳು 'ಪುಣ್ಯವಂತರು' ಎನ್ನುತ್ತಾರೆ. ಏಪ್ರಿಲಿನಿಂದ ಅಕ್ಟೋಬರಿನವರೆಗೆ ಹೆಚ್ಚುಕಡಿಮೆ ವಾರಕ್ಕೊಮ್ಮೆ ಆ ಹುಲ್ಲನ್ನು ಯಾರಾದರೂ ಕತ್ತರಿಸಬೇಕೆಂಬುದು ಚಿತ್ರದಲ್ಲಿ ಕಾಣುವುದಿಲ್ಲ. ಆ 'ಯಾರಾದರೂ' ಬಹುತೇಕ ಮನೆಯ ಯಜಮಾನನೇ ಆಗಿರುತ್ತಾನೆ. ಬೆಳೆಯಲು ಬಿಟ್ಟರೆ ಸ್ಥಳೀಯ ಆಡಳಿತದಿಂದ ನೋಟಿಸು ಬರುತ್ತದೆ.

ನಾವಿರುವುದು ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ. ಮೂರು ನದಿಗಳು ಕೂಡುವ ಈ ಊರಿನಲ್ಲಿ ಸಮತಟ್ಟಾದ ಜಾಗವೇ ಕಡಿಮೆ. ಇಲ್ಲಿನ ಕ್ಯಾಂಟನ್ ಅವೆನ್ಯೂ ಎಂಬ ರಸ್ತೆ ನೂರು ಅಡಿಗೆ 37 ಅಡಿಯಷ್ಟು ಏರುತ್ತದೆ. ಗುಡ್ಡದ ಮೇಲಿನ ಬಡಾವಣೆಗೆ ಜನರನ್ನು ಸಾಗಿಸಲು 1870 ಮತ್ತು 1877ರಲ್ಲಿ ಆರಂಭವಾದ ಎರಡು ಹಳಿಬಂಡಿಗಳು ಇಂದಿಗೂ ಓಡುತ್ತಿವೆ. ಭಾರತೀಯರೆಲ್ಲರೂ ಬಲ್ಲ ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಾಲಯವೂ ಗುಡ್ಡದ ಮೇಲೆಯೇ ಇದೆ. ತೀರ್ಥಹಳ್ಳಿಯ ಕಡೆಯಿಂದ ಬಂದ ನನಗೆ ಏರುತಗ್ಗು ಹೊಸದಲ್ಲ. ಆದರೆ ಮಲೆನಾಡಿನ ಇಳಿಜಾರಿನಲ್ಲಿ ನಾವು ಕತ್ತಿ, ಗುದ್ದಲಿ ಹಿಡಿದು ಇಳಿಯುತ್ತಿದ್ದೆವು. ಕಾಲು ಜಾರಿದರೆ ಅವನ್ನು ದೂರ ಎಸೆಯಬಹುದಿತ್ತು. ಇಲ್ಲಿ ಕೈಯಲ್ಲಿರುವುದು ಅಡಿಯಲ್ಲಿ ಅಲಗು ತಿರುಗುವ ಯಂತ್ರ.

ಮನೆ ಕೊಂಡ ಮೊದಲ ವಸಂತದಲ್ಲಿ ಈ ಯಂತ್ರದ ಪಾಠ ಹೇಳಿಕೊಟ್ಟವರು ಪಕ್ಕದ ಮನೆಯ ಹಿರಿಯರು, ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾದವರು. ಹಿಂದೆ ನಿಂತು ತಳ್ಳುವ ಯಂತ್ರವಾದರೆ ಇಳಿಜಾರಿಗೆ ಅಡ್ಡಲಾಗಿ ನಡೆಯಬೇಕು. ಮೇಲಕ್ಕೆ ತಳ್ಳುವಾಗ ಕಾಲು ಜಾರಿದರೆ ಅದು ಹಿಂದಕ್ಕುರುಳಿ ಪಾದದ ಮೇಲೆ ಬರುತ್ತದೆ. ಕೆಳಕ್ಕೆ ತಳ್ಳುವಾಗ ಜಾರಿದರೆ ನಾವೇ ಅದರಡಿಗೆ ಹೋಗುತ್ತೇವೆ. ಕುಳಿತು ಓಡಿಸುವ ಯಂತ್ರಕ್ಕೆ ಇದು ತಿರುಗುಮುರುಗು: ಅಡ್ಡಲಾಗಿ ಹೋದರೆ ಪಕ್ಕಕ್ಕೆ ಮಗುಚುವ ಭಯ, ಆದ್ದರಿಂದ ನೇರ ಮೇಲಕ್ಕೆ ಮತ್ತು ಕೆಳಕ್ಕೆ ಮಾತ್ರ, ಇಳಿಜಾರಿನ ನಡುವೆ ತಿರುಗಿಸಲೇಬಾರದು. ಹೊಸಬರು ಈ ಎರಡನ್ನು ಅದಲುಬದಲು ಮಾಡಿಕೊಳ್ಳುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಎಷ್ಟು ಓರೆಯವರೆಗೆ ಸರಿ? ಬಹುತೇಕ ಯಂತ್ರಗಳ ಕೈಪಿಡಿ 15 ಡಿಗ್ರಿಯನ್ನು ಮಿತಿಯೆನ್ನುತ್ತದೆ. ಕಣ್ಣಂದಾಜು ಇಲ್ಲಿ ಕೆಲಸಕ್ಕೆ ಬಾರದು. ಒಂದು ಮೀಟರ್ ಉದ್ದದ ಹಲಗೆಯ ಒಂದು ತುದಿಯನ್ನು ಮೇಲ್ಬದಿಯ ನೆಲಕ್ಕೆ ತಾಗಿಸಿ, ರಸಮಟ್ಟ ಇಟ್ಟು ಹಲಗೆಯನ್ನು ಸಮ ಹಿಡಿಯಿರಿ. ಇನ್ನೊಂದು ತುದಿಯಿಂದ ನೆಲಕ್ಕೆ 27 ಸೆಂಟಿಮೀಟರಿಗಿಂತ ಹೆಚ್ಚು ಅಂತರವಿದ್ದರೆ ಅಲ್ಲಿಗೆ ಯಂತ್ರ ಒಯ್ಯಬೇಡಿ. ನಮ್ಮ ಹಿತ್ತಲಿನ ಕೆಳಗಿನ ಮೂರನೇ ಒಂದು ಭಾಗದಲ್ಲಿ 40 ಬಂದಿತ್ತು.

ತಳ್ಳುವ ಯಂತ್ರದ ಹಿಡಿಯಲ್ಲಿ ಒಂದು ಸರಳಿರುತ್ತದೆ. ಕೈಬಿಟ್ಟ ಮೂರು ಸೆಕೆಂಡಿನೊಳಗೆ ಅಲಗು ನಿಲ್ಲಬೇಕೆಂಬುದು 1982ರಿಂದ ಇಲ್ಲಿನ ಕಾನೂನು. ಕೈನೋವೆಂದು ಆ ಸರಳನ್ನು ಹಗ್ಗದಿಂದ ಕಟ್ಟಿಹಾಕುವವರಿದ್ದಾರೆ. ಯಂತ್ರಕ್ಕೇ ಹಗ್ಗ ಕಟ್ಟಿ ಗುಡ್ಡದ ಮೇಲಿನಿಂದ ಇಳಿಬಿಟ್ಟು ಎಳೆಯುವ ಜಾಣರೂ ಇದ್ದಾರೆ. ಎರಡೂ ಹುಚ್ಚುತನವೆಂದೇ ನನ್ನ ಅಭಿಪ್ರಾಯ. ನಮ್ಮ ಬೀದಿಯಲ್ಲೇ ಒಬ್ಬರು, ಮಳೆ ನಿಂತ ಮರುಗಳಿಗೆಯಲ್ಲಿ, ಸಂಜೆಯ ಅತಿಥಿಗಳು ಬರುವ ಮೊದಲು ಮುಗಿಸಿಬಿಡೋಣವೆಂದು ಕುಳಿತು ಓಡಿಸುವ ಯಂತ್ರವನ್ನು ಅಡ್ಡ ಓಡಿಸಿದರು. ಅದು ಮಗುಚಿ ತೊಡೆಯ ಮೂಳೆ ಮುರಿಯಿತು. ನಾಲ್ಕು ತಿಂಗಳು ಕೆಲಸವಿಲ್ಲ, ಎರಡು ಶಸ್ತ್ರಚಿಕಿತ್ಸೆ.

ಒದ್ದೆ ಹುಲ್ಲು ಪಾಚಿಗಟ್ಟಿದ ಮೆಟ್ಟಿಲಿನಂತೆ. ಬೆಳಗಿನ ಇಬ್ಬನಿ ಆರಲು ಹತ್ತು ಹನ್ನೊಂದು ಗಂಟೆಯಾದೀತು, ಅಲ್ಲಿಯವರೆಗೆ ಕಾಯಬೇಕು. ಹಿಡಿತವಿರುವ ಬೂಟು, ಕಣ್ಣಿಗೆ ಕನ್ನಡಕ, ಜೇಬಿನಲ್ಲಿ ಫೋನು ಇರಲಿ. ಅಂಚಿನ ಪೊದೆಗಳಲ್ಲಿ ಮೂರೆಲೆಯ ಪಾಯ್ಸನ್ ಐವಿ ಇರುತ್ತದೆ, ಮುಟ್ಟಿದರೆ ಮೈ ಬೊಬ್ಬೆಯೇಳುತ್ತದೆ. ಲೈಮ್ ಕಾಯಿಲೆ ಹರಡುವ ಉಣ್ಣೆಗಳೂ ಇರುವುದರಿಂದ ಒಳಗೆ ಬಂದೊಡನೆ ಮೈ ನೋಡಿಕೊಳ್ಳುವುದು ರೂಢಿಯಾಗಿದೆ.

ಅಪ್ಪಯ್ಯ ಮೊದಲ ಸಲ ಬಂದಾಗ ಹುಲ್ಲನ್ನು ನೋಡಲೇ ಇಲ್ಲ. "ಮಾಡಿನ ನೀರು ಎಲ್ಲಿಗೆ ಹೋಗ್ತದೆ?" ಎಂದು ಕೇಳಿದರು. ಅಡಿಕೆ ತೋಟದ ಬಸಿಗಾಲುವೆಗಳ ನಡುವೆ ಬಾಳಿದವರಿಗೆ ಅದೇ ಮೊದಲ ಪ್ರಶ್ನೆ. ಪಿಟ್ಸ್‌ಬರ್ಗಿನ ಗುಡ್ಡಗಳಲ್ಲಿ ನೀರು ಕುಡಿದರೆ ಮೆತ್ತಗಾಗುವ ಕೆಂಪು ಜೇಡಿಪದರವಿದೆ. ಬಹಳ ಮಳೆಯಾದ 2018ರಲ್ಲಿ ಇಲ್ಲಿ ಅನೇಕ ಕಡೆ ದರೆ ಕುಸಿಯಿತು. ಆ ಏಪ್ರಿಲ್‌ನಲ್ಲಿ ಹೆದ್ದಾರಿ 30ರ ಒಂದು ಭಾಗವೇ ಜಾರಿಹೋಯಿತು. ಅದೇ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದ ಸುದ್ದಿಯನ್ನು ನಾವು ಇಲ್ಲಿ ಕುಳಿತು ಓದಿದೆವು. ಮನೆ ಕೊಳ್ಳುವ ಕನಸಿರುವವರು ಇದನ್ನು ಗಮನಿಸಬೇಕು: ಸಾಮಾನ್ಯ ಗೃಹವಿಮೆ ಭೂಕುಸಿತದ ನಷ್ಟವನ್ನು ತುಂಬಿಕೊಡುವುದಿಲ್ಲ. ಮಾಡಿನ ನೀರನ್ನು ಇಳಿಜಾರಿನ ನೆತ್ತಿಯಲ್ಲಿ ಬಿಡಬಾರದು. ಕತ್ತರಿಸಿದ ಹುಲ್ಲು, ತರಗೆಲೆಗಳನ್ನು ಅಂಚಿನಿಂದ ಕೆಳಗೆ ಸುರಿಯಲೂಬಾರದು. ಆ ರಾಶಿ ಕೆಳಗಿನ ಗಿಡಗಳನ್ನು ಕೊಂದು, ತೇವ ಹಿಡಿದು, ನೆಲಕ್ಕೆ ಭಾರವಾಗುತ್ತದೆ. ನಾವು ಕೊಳವೆ ಹಾಕಿ ಮಾಡಿನ ನೀರನ್ನು ಹಳ್ಳದ ಬದಿಯ ಮೋರಿಗೆ ಸಾಗಿಸಿದೆವು.

ಕಡಿದಾದ ಆ ಕೆಳಭಾಗದಲ್ಲಿ ಈಗ ಹುಲ್ಲುಹಾಸೇ ಇಲ್ಲ. ಸೆಣಬಿನ ಜಾಲರಿ ಹಾಸಿ, ಅದರ ಕಣ್ಣುಗಳಲ್ಲಿ ತೆವಳುವ ಫ್ಲಾಕ್ಸ್, ಜುನಿಪರ್, ಕೆಲವು ಜರೀಗಿಡಗಳನ್ನು ನೆಟ್ಟೆವು. ಬೇರು ಹಿಡಿಯಲು ಎರಡು ವರ್ಷ ಬೇಕಾಯಿತು. ಈ ರಾಜ್ಯದ ಹೆದ್ದಾರಿಯ ದರೆಗಳಿಗೆ ಹಿಂದೆ ಕ್ರೌನ್ ವೆಚ್ ಎಂಬ ಬಳ್ಳಿಯನ್ನು ಧಾರಾಳವಾಗಿ ನೆಡುತ್ತಿದ್ದರು. ಈಗ ಅದೇ ಎಲ್ಲೆಡೆ ಹಬ್ಬಿ ಉಪದ್ರವವಾಗಿದೆ, ಅಂಗಡಿಯವರು ಕೊಟ್ಟರೂ ತರಬೇಡಿ.

ಇನ್ನು, ಊರಿನಿಂದ ಬರುವ ತಂದೆತಾಯಿಗಳ ವಿಷಯ. ಸುಮ್ಮನೆ ಕೂರುವುದು ಅವರ ಜಾಯಮಾನವಲ್ಲ. ಮಗ ಕಚೇರಿಗೆ ಹೋದ ಮೇಲೆ ಯಂತ್ರದ ಹಗ್ಗ ಎಳೆದು ನೋಡುವ ಆಸೆ ಎಪ್ಪತ್ತೆರಡರ ಅಪ್ಪಯ್ಯನಿಗೂ ಇದೆ. ಅವರ ಪ್ರವಾಸಿ ವಿಮೆಗೆ ಮಿತಿಯಿದೆ. ಹಳೆಯ ಕಾಯಿಲೆಗಳನ್ನು ಅದು ಬಹುಪಾಲು ಹೊರಗಿಡುತ್ತದೆ. ಇಲ್ಲಿ ಸೊಂಟ ಮುರಿದರೆ ಬರುವ ಬಿಲ್ಲು ತೋಟದ ಒಂದು ವರ್ಷದ ಫಸಲನ್ನು ನುಂಗೀತು. ಬೇಡವೆಂದರೆ ಅವರಿಗೆ ಬೇಸರ. ಹೀಗಾಗಿ ಮನೆಗೆ ತಾಗಿದ ಸಮತಟ್ಟಾದ ಪಟ್ಟಿಯನ್ನು ಅವರ ವಶಕ್ಕೆ ಕೊಟ್ಟಿದ್ದೇನೆ. ಹರಿವೆ ಮತ್ತು ಬೆಂಡೆ ಹಾಕಿದರು. ಮೂರನೆಯ ವಾರ ಜಿಂಕೆಗಳು ಬಂದು ಹರಿವೆಯನ್ನು ಬುಡದವರೆಗೆ ಮೇಯ್ದವು. ಬೇಲಿ ಹಾಕಲೇಬೇಕೆಂದು ಅಪ್ಪಯ್ಯನ ಹಟ. ಕಂಬಕ್ಕೆ ಗುಂಡಿ ತೋಡುವ ಮುನ್ನ 811ಕ್ಕೆ ಕರೆ ಮಾಡಿದ್ದೇವೆ, ಅದು ಉಚಿತ. ನೆಲದಡಿಯ ಗ್ಯಾಸ್ ಕೊಳವೆಗೆ ಹಳದಿ, ವಿದ್ಯುತ್ತಿಗೆ ಕೆಂಪು, ನೀರಿಗೆ ನೀಲಿ ಗುರುತು ಹಾಕಿ ಹೋಗುತ್ತಾರೆ. ಗುದ್ದಲಿಯನ್ನು ಗೋಡೆಗೆ ಒರಗಿಸಿಟ್ಟು ಅಪ್ಪಯ್ಯ ಆ ಬಣ್ಣಗಳಿಗಾಗಿ ಕಾಯುತ್ತಿದ್ದಾರೆ.