ಘಟ್ಟದವನೊಬ್ಬನ ಸಮುದ್ರಪ್ರವೇಶ

ಮಲೆನಾಡಿನಲ್ಲಿ ಹುಟ್ಟಿದವರಿಗೆ ನೀರೆಂದರೆ ಆಕಾಶದಿಂದ ಬೀಳುವ ವಸ್ತು. ಇಲ್ಲವೆ ಬೆಟ್ಟದ ಮೇಲಿನಿಂದ ಇಳಿದು ಬರುವ ವಸ್ತು. ಅದರೊಳಕ್ಕೆ ನಾವಾಗಿಯೇ ಇಳಿದು ಹೋಗುವ ಯೋಚನೆಯು ನಮ್ಮಲ್ಲಿ ಯಾರಿಗೂ ಸುಲಭವಾಗಿ ಬರುವುದಿಲ್ಲ. ಆಷಾಢ ಶ್ರಾವಣಗಳಲ್ಲಿ ಕೆಂಪಾಗಿ ಉಕ್ಕುವ ತುಂಗೆಯನ್ನು ಕಂಡವರು ನದಿಗೆ ಕೈಮುಗಿಯುವರೇ ಹೊರತು ಅದರೊಡನೆ ಸಲಿಗೆಯನ್ನು ಬೆಳೆಸುವುದಿಲ್ಲ. ನನ್ನ ತಾಯಿಯವರಂತೂ "ಬೆಂಕಿಗೂ ನೀರಿಗೂ ನೆಂಟಸ್ತಿಕೆ ಬೇಡ" ಎಂದು ಹೇಳಿಯೇ ನಮ್ಮನ್ನು ಬೆಳೆಸಿದವರು. ಇಂಥ ಮನೆಯವನಾದ ನಾನು ನಲವತ್ತೆಂಟನೆಯ ವಯಸ್ಸಿನಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು ಸಮುದ್ರದ ತಳವನ್ನು ನೋಡಿಬಂದೆನೆಂದರೆ, ಕೊಪ್ಪದ ಸಂತೆಯಲ್ಲಿ ಈಗಲೂ ನಂಬದವರುಂಟು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆಯಲ್ಲಿ ಒಂದು ವಿಚಿತ್ರವಿದೆ. ಶೃಂಗೇರಿಯಿಂದ ಪಶ್ಚಿಮ ಸಮುದ್ರವು ನೆಟ್ಟನೆಯ ದಾರಿಯಲ್ಲಿ ಸುಮಾರು 60 ಕಿಲೋಮೀಟರು ಮಾತ್ರ. ಆದರೂ ನಮ್ಮ ಅಂಗಳದ ಮಳೆಯು ತುಂಗೆಯನ್ನೋ ಭದ್ರೆಯನ್ನೋ ಸೇರಿ, ಕೂಡಲಿಯಲ್ಲಿ ಒಂದಾಗಿ, ಕೃಷ್ಣೆಯ ಕೈಹಿಡಿದು, ನಾಡನ್ನೆಲ್ಲ ದಾಟಿ ಪೂರ್ವ ಸಮುದ್ರವನ್ನು ಮುಟ್ಟುವುದು. ಹತ್ತಿರದ ಕಡಲಿಗೆ ನಾವು ಬೆನ್ನು ತಿರುಗಿಸಿಕೊಂಡೇ ಬಾಳಿದವರು.

ನೀರಿನ ಒಳಗನ್ನು ನೋಡಬೇಕೆಂಬ ಆಸೆಯನ್ನು ನನ್ನಲ್ಲಿ ಬಿತ್ತಿದವರು ನನ್ನ ತಂದೆಯವರು. ಶೃಂಗೇರಿಗೆ ಹೋದಾಗಲೆಲ್ಲ ಅವರು ಎರಡು ಪೊಟ್ಟಣ ಮಂಡಕ್ಕಿಯನ್ನು ಕೊಂಡು ನನ್ನನ್ನು ತುಂಗೆಯ ಸೋಪಾನದ ಮೇಲೆ ಕುಳ್ಳಿರಿಸುತ್ತಿದ್ದರು. ಅಲ್ಲಿ ಮೀನು ಹಿಡಿಯುವಂತಿಲ್ಲವಾದುದರಿಂದ ಅವು ಮೊಳದುದ್ದ ಬೆಳೆದು, ನಿರ್ಭಯವಾಗಿ ಮೆಟ್ಟಿಲಿನವರೆಗೆ ಬರುತ್ತವೆ. ಹಿಡಿ ಮಂಡಕ್ಕಿಯನ್ನು ಎರಚಿದೊಡನೆ ಕಪ್ಪು ಬೆನ್ನುಗಳು ಒಂದರ ಮೇಲೊಂದು ಹೊರಳಿ, ಮತ್ತೆ ಕತ್ತಲೆಗೆ ಇಳಿದುಹೋಗುವುವು. "ಕೆಳಗೆ ಅವು ಏನು ಮಾಡುತ್ತವೆ?" ಎಂದು ನಾನು ಕೇಳುವುದು, "ಇಳಿದು ಬಂದವರಾರೂ ಹೇಳಿಲ್ಲ" ಎಂದು ಅವರು ನಗುವುದು. ತಂದೆಯವರು ಗತಿಸಿ ಒಂಬತ್ತು ವರ್ಷಗಳಾದುವು. ಪ್ರಶ್ನೆಯು ಮಾತ್ರ ಉಳಿದಿತ್ತು.

2022ರಲ್ಲಿ ತೆರೆಕಂಡ "ಗಂಧದ ಗುಡಿ" ಚಿತ್ರದಲ್ಲಿ ದಿವಂಗತ ಪುನೀತ್ ರಾಜ್‌ಕುಮಾರರು ನೇತ್ರಾಣಿ ದ್ವೀಪದ ಬಳಿ ಸಮುದ್ರಕ್ಕಿಳಿದುದನ್ನು ಮನೆಮಂದಿಯೆಲ್ಲ ಕೂಡಿ ನೋಡಿದೆವು. ಬೆಂಗಳೂರಿನಲ್ಲಿರುವ ನನ್ನ ಮಗನು ಅಂದೇ "ಅಪ್ಪಾ, ನಾವೂ ಹೋಗೋಣ" ಎಂದನು. ತಾಯಿಯವರು ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ದೇವರ ಮುಂದಿಟ್ಟ ಕೆಂಪು ದಾರವೊಂದನ್ನು ತಂದು ನನ್ನ ಮಣಿಕಟ್ಟಿಗೆ ಕಟ್ಟಿ, "ಇದು ಬಿಚ್ಚಿಹೋಗುವಷ್ಟು ಹೊತ್ತು ನೀರಲ್ಲಿರಬೇಡ" ಎಂದಷ್ಟೇ ಹೇಳಿದರು. ಅದೇ ಅಪ್ಪಣೆಯೆಂದು ತಿಳಿದು ಹೊರಟೆವು.

ನೇತ್ರಾಣಿಯು ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದಲ್ಲಿ ಸಮುದ್ರಮಧ್ಯದಲ್ಲಿರುವ ಕಲ್ಲುಗುಡ್ಡ. ದೋಣಿಯಲ್ಲಿ ಒಂದೂವರೆ ಗಂಟೆಯ ಪ್ರಯಾಣ. ಮೇಲಿನಿಂದ ನೋಡಿದರೆ ಹೃದಯದ ಆಕಾರವೆನ್ನುವರು. ದೋಣಿಯಿಂದ ನೋಡುವವನಿಗೆ ಕಡಿದಾದ ಬಂಡೆ, ಅದರ ಮೇಲೆ ಹಸುರು, ಹಸುರಿನ ಮೇಲೆ ಸುತ್ತುವ ಬಿಳಿಹೊಟ್ಟೆಯ ಕಡಲಹದ್ದು. ಮೀನುಗಾರರು ನಡೆದುಕೊಳ್ಳುವ ದೈವದ ಗುಡಿಯೂ, ಹರಕೆಗೆಂದು ಬಿಟ್ಟು ಕಾಡುಬಿದ್ದ ಆಡುಗಳೂ ಅಲ್ಲಿ ಉಂಟು. ನೌಕಾಪಡೆಯವರು ಈ ಬಂಡೆಗಳನ್ನು ಫಿರಂಗಿಯ ಗುರಿಯಭ್ಯಾಸಕ್ಕೆ ಬಳಸಿದುದುಂಟು. ಅದರಿಂದ ಹವಳಕ್ಕೂ ಹಕ್ಕಿಗಳಿಗೂ ಕೇಡೆಂದು ಜೀವವಿಜ್ಞಾನಿಗಳು ಆಕ್ಷೇಪಿಸಿದುದೂ ಉಂಟು. ಮಳೆಗಾಲದಲ್ಲಿ ಅತ್ತ ದೋಣಿಗಳು ಹೋಗುವುದಿಲ್ಲ. ಡಿಸೆಂಬರು ಜನವರಿಗಳಲ್ಲಿ ನೀರು ತಿಳಿಯಾಗಿರುವುದು.

ಈಗ ಉಪಕರಣದ ಮಾತು. ಸ್ಕೂಬಾ ಎಂಬುದು ಮುಳುಗುವವನು ತನ್ನ ಉಸಿರನ್ನು ತಾನೇ ಹೊತ್ತು ಹೋಗುವ ಏರ್ಪಾಡು. 1943ರಲ್ಲಿ ಫ್ರಾನ್ಸ್ ದೇಶದ ನೌಕಾಧಿಕಾರಿ ಜಾಕ್ ಕುಸ್ತೋ, ಇಂಜಿನಿಯರ್ ಎಮಿಲ್ ಗಾನ್ಯಾನ್ ಎಂಬಿಬ್ಬರು ಕೂಡಿ ಇದರ ಮುಖ್ಯ ಭಾಗವಾದ ರೆಗ್ಯುಲೇಟರನ್ನು ರೂಪಿಸಿದರು. ಸಿಲಿಂಡರಿನಲ್ಲಿರುವುದು ಅನೇಕರು ತಿಳಿದಿರುವಂತೆ ಬರಿಯ ಆಮ್ಲಜನಕವಲ್ಲ. ನಾವು ಅಂಗಳದಲ್ಲಿ ಉಸಿರಾಡುವ ಗಾಳಿಯೇ. ಅದನ್ನು ಇನ್ನೂರು ಪಟ್ಟು ಒತ್ತಿ ತುಂಬುವುದರಿಂದ ಒಂದು ಕೊಡದಷ್ಟು ಸ್ಥಳದಲ್ಲಿ ಎರಡು ಸಾವಿರ ಲೀಟರಿಗೂ ಮಿಗಿಲಾದ ಗಾಳಿ ಅಡಗಿರುವುದು. ನೀರಿನಲ್ಲಿ ಪ್ರತಿ 10 ಮೀಟರು ಇಳಿದಾಗಲೂ ಒತ್ತಡವು ಭೂಮಿಯ ಮೇಲಿನ ವಾಯುಭಾರದಷ್ಟು ಹೆಚ್ಚುವುದು. ರೆಗ್ಯುಲೇಟರು ಆಯಾ ಆಳದ ಒತ್ತಡಕ್ಕೆ ಸರಿಯಾಗಿ ಗಾಳಿಯನ್ನು ಬಾಯಿಗೆ ಒದಗಿಸುವುದು. ಇಲ್ಲವಾದರೆ ಎದೆಗೂಡು ಉಬ್ಬಲಾರದು.

ಕಲಿಸುವವರು ಮೊದಲು ಹೇಳಿದ ನಿಯಮವು ನನಗೆ ಸೋಜಿಗವಾಗಿ ತೋರಿತು: ಉಸಿರನ್ನು ಎಂದಿಗೂ ಬಿಗಿಹಿಡಿಯಕೂಡದು. ಪ್ರಾಣಾಯಾಮದಲ್ಲಿ ಕುಂಭಕವನ್ನು ಸಾಧಿಸಲು ಹೆಣಗಿದವನಿಗೆ ಇಲ್ಲಿ ಕುಂಭಕವೇ ನಿಷಿದ್ಧ! ಕಾರಣವು ಸರಳ. 10 ಮೀಟರು ಆಳದಲ್ಲಿ ತುಂಬಿಕೊಂಡ ಉಸಿರು ಮೇಲಕ್ಕೆ ಬರುವಷ್ಟರಲ್ಲಿ ಹಿಗ್ಗಿ ಎರಡರಷ್ಟಾಗುವುದು. ಬಾಯಿ ಮುಚ್ಚಿಕೊಂಡು ಏರಿದವನ ಶ್ವಾಸಕೋಶವು ಹರಿದುಹೋಗಬಹುದು. ಆದುದರಿಂದ ಉಸಿರು ಎಳೆಯುತ್ತಲೂ ಬಿಡುತ್ತಲೂ, ಮೆಲ್ಲನೆ ಮೇಲೇರಬೇಕು.

2023ರ ಜನವರಿಯಲ್ಲಿ ನಡೆದ ನನ್ನ ಮೊದಲ ಇಳಿತವು ನಗೆಪಾಟಲಾಯಿತು. ನಾಲ್ಕು ಮೀಟರು ಇಳಿಯುವಷ್ಟರಲ್ಲಿ ಕಿವಿಯೊಳಗೆ ಮೊಳೆ ಹೊಡೆದಂತೆ ನೋವು. ಮೂಗನ್ನು ಹಿಡಿದು ಮೆಲ್ಲನೆ ಊದಿ ಕಿವಿಯ ಒತ್ತಡವನ್ನು ಸರಿಮಾಡಿಕೊಳ್ಳಬೇಕೆಂದು ಕಲಿತದ್ದು ಗಾಬರಿಯಲ್ಲಿ ಮರೆತೇಹೋಗಿತ್ತು. ಜತೆಗಿದ್ದ ಶಿಕ್ಷಕನು ನನ್ನನ್ನು ಒಂದು ಮೀಟರು ಮೇಲೆತ್ತಿ, ಕಣ್ಣಲ್ಲಿ ಕಣ್ಣಿಟ್ಟು, ತನ್ನ ಮೂಗನ್ನು ಹಿಡಿದು ತೋರಿಸಿದನು. ಊದಿದೆ, "ಚಿಟಿಕ್" ಎಂದು ನೋವು ಮಾಯವಾಯಿತು. ಹರ್ಷದಿಂದ ಹೆಬ್ಬೆರಳನ್ನೆತ್ತಿ "ಸೊಗಸಾಗಿದೆ" ಎಂದು ಸೂಚಿಸಿದೆ. ಆತನು ನನ್ನನ್ನು ಹಿಡಿದುಕೊಂಡು ನೇರವಾಗಿ ನೀರಿನ ಮೇಲಕ್ಕೆ ತಂದುಬಿಟ್ಟನು! ನೀರಿನೊಳಗೆ ಎತ್ತಿದ ಹೆಬ್ಬೆರಳಿಗೆ "ಮೇಲಕ್ಕೆ ಒಯ್ಯಿ" ಎಂದೇ ಅರ್ಥ. ಸೌಖ್ಯವನ್ನು ತೋರಿಸಲು ಹೆಬ್ಬೆರಳನ್ನೂ ತೋರುಬೆರಳನ್ನೂ ಬಳೆಯಂತೆ ಕೂಡಿಸಬೇಕು. ಮಗನು ದೋಣಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕನು.

ಎರಡನೆಯ ಸಲ ಇಳಿದಾಗ ಕಂಡುದನ್ನು ಹೇಗೆ ಬಣ್ಣಿಸಲಿ? ಬಂಡೆಯ ಇಳಿಜಾರು ನಮ್ಮ ಘಟ್ಟದ ಇಳಿಜಾರಿನಂತೆಯೇ ಇತ್ತು. ಮರಗಳ ಬದಲು ಹವಳ, ಹಕ್ಕಿಗಳ ಬದಲು ಮೀನು. ಹಳದಿ ಕಪ್ಪು ಪಟ್ಟೆಯ ಚಿಟ್ಟೆಮೀನುಗಳು ಜೋಡಿಜೋಡಿಯಾಗಿ ಸಂಸಾರಸ್ಥರಂತೆ ಅಡ್ಡಾಡುತ್ತಿದ್ದವು. ಸಂದಿಯೊಂದರಿಂದ ಹಾವಿನಂಥ ಮೀನು ತಲೆಯನ್ನು ಹೊರಚಾಚಿ ಬಾಯಿ ತೆರೆದು ಮುಚ್ಚುತ್ತಿತ್ತು. ಕಚ್ಚಲೆಂದಲ್ಲ, ಅದರ ಉಸಿರಾಟವೇ ಹಾಗೆ. ಗಿಳಿಮೀನು ತನ್ನ ಕೊಕ್ಕಿನಂಥ ಹಲ್ಲಿನಿಂದ ಬಂಡೆಯನ್ನು ಕೆರೆಯುವ ಕರಕರ ಸದ್ದು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಪಾಚಿಗಾಗಿ ಕೆರೆದ ಹವಳದ ಕಲ್ಲನ್ನು ಅದು ಅರೆದು ಮರಳಾಗಿ ವಿಸರ್ಜಿಸುವುದೆಂದೂ, ಹವಳದ್ವೀಪಗಳ ಬಿಳಿಯ ಮರಳಿನಲ್ಲಿ ಬಹಳಷ್ಟು ಇಂಥ ಮೀನುಗಳ ಕೊಡುಗೆಯೆಂದೂ ಅನಂತರ ತಿಳಿಯಿತು.

ಹನ್ನೆರಡು ಮೀಟರಿನಲ್ಲಿ ಮಣಿಕಟ್ಟನ್ನು ನೋಡಿಕೊಂಡೆ, ಎದೆ ಧಸಕ್ಕೆಂದಿತು. ತಾಯಿ ಕಟ್ಟಿದ ದಾರವು ಕೆಂಪಾಗಿರಲಿಲ್ಲ. ಒಣಗಿದ ಬೇರಿನಂತೆ ಕಂದಾಗಿತ್ತು. ನನ್ನ ಮುಖಭಾವವನ್ನು ಕಂಡ ಶಿಕ್ಷಕನು ನಕ್ಕು ತನ್ನ ದೀಪವನ್ನು ಅದರ ಮೇಲೆ ಬೆಳಗಿದನು. ಮರುಕ್ಷಣವೇ ದಾರವು ಕುಂಕುಮದಂತೆ ಉರಿಯಿತು. ಸೂರ್ಯನ ಬೆಳಕಿನಲ್ಲಿ ಕೆಂಪನ್ನು ನೀರು ಮೊದಲು ನುಂಗುವುದು, ನೀಲಿಯನ್ನು ಕಡೆಗೆ. ಬಣ್ಣವು ದಾರದಿಂದ ಹೋಗಿರಲಿಲ್ಲ. ಬೆಳಕು ಅಲ್ಲಿಯವರೆಗೆ ಅದನ್ನು ತಂದಿರಲಿಲ್ಲ, ಅಷ್ಟೆ.

ಇದಾದ ಮೇಲೆ ನಾನು ಕ್ರಮವಾಗಿ ಪಾಠವನ್ನು ಓದಿ, ಪರೀಕ್ಷೆ ಕೊಟ್ಟು, 18 ಮೀಟರಿನವರೆಗೆ ಇಳಿಯುವ ಅರ್ಹತೆಯನ್ನು ಪಡೆದೆನು. ಮಗನೊಡನೆ ಅಂಡಮಾನಿನ ಹ್ಯಾವ್‌ಲಾಕ್ ದ್ವೀಪಕ್ಕೂ ಹೋಗಿಬಂದೆನು; 2018ರಿಂದ ಅದಕ್ಕೆ ಸ್ವರಾಜ್ ದ್ವೀಪವೆಂದು ಹೆಸರು. ಅಲ್ಲಿಯ ನೀರು ನೇತ್ರಾಣಿಗಿಂತ ತಿಳಿ. ಆದರೆ ಅಲ್ಲಲ್ಲಿ ಹವಳವು ಸುಣ್ಣದಂತೆ ಬಿಳುಪಾಗಿ ನಿಂತುದನ್ನು ಕಂಡು ಮನಸ್ಸು ಕುಗ್ಗಿತು. ಸಮುದ್ರವು ಮಿತಿಮೀರಿ ಕಾದಾಗ ಹವಳದ ಹುಳುವು ತನಗೆ ಅನ್ನವನ್ನೂ ಬಣ್ಣವನ್ನೂ ಕೊಡುವ ಸೂಕ್ಷ್ಮ ಪಾಚಿಯನ್ನು ಹೊರಹಾಕುವುದು. ಬಿಸಿ ಬೇಗ ಇಳಿಯದಿದ್ದರೆ ಹಸಿವಿನಿಂದ ಸಾಯುವುದು. 1998ರಲ್ಲಿ ಲಕ್ಷದ್ವೀಪದ ಹವಳವು ಹೀಗೆ ಬಹುವಾಗಿ ನಾಶವಾಯಿತು.

ನರಸಿಂಹರಾಜಪುರದ ಕಡೆಯವಳಾದ ನನ್ನ ಮಡದಿಯು ಒಂದು ದಿನ ಕೇಳಿದಳು: "ಸಮುದ್ರ ಸರಿ, ಭದ್ರೆಯ ಹಿನ್ನೀರಿಗೆ ಇಳಿದು ನಮ್ಮಜ್ಜಿಯ ಮನೆಯ ತುಳಸಿಕಟ್ಟೆಯನ್ನು ನೋಡಿ ಬರುವಿರಾ?" ಲಕ್ಕವಳ್ಳಿಯ ಅಣೆಕಟ್ಟಿನ ನೀರು ಏರಿದಾಗ ಮುಳುಗಿದ ಮನೆಗಳಲ್ಲಿ ಅದೂ ಒಂದು. ಹಿನ್ನೀರು ಕೆಸರಿನಿಂದ ಕುರುಡು, ಕೆಳಗೆಲ್ಲ ಸತ್ತ ಮರಗಳ ಬೊಡ್ಡೆಗಳ ಬಲೆ. ಇಳಿಯುವುದು ಅಪಾಯವೆಂದು ಹೇಳಿದೆ. ಅವಳು ಸುಮ್ಮನಾದಳು. ಎಲ್ಲ ನೀರೂ ನೋಡಗೊಡುವುದಿಲ್ಲ.

ಇನ್ನು, ಈ ಲೇಖನವನ್ನು ಬರೆಯಲು ಕಾರಣವಾದ ಸಂಗತಿಯನ್ನು ಹೇಳುತ್ತೇನೆ. ಕಳೆದ ಪುಷ್ಯಮಾಸದಲ್ಲಿ ನಾವು ಮತ್ತೆ ನೇತ್ರಾಣಿಗೆ ಹೋದೆವು. ತಂದೆಯವರ ಶ್ರಾದ್ಧಕ್ಕೆ ಎರಡು ದಿನ ಮುಂಚಿತವಾಗಿ ಮುಳುಗಿ ಮನೆಗೆ ಮರಳುವುದೆಂದು ನಮ್ಮ ಲೆಕ್ಕ. ಗಾಳಿಯೆದ್ದು ಆ ದಿನ ದೋಣಿಗಳು ಹೊರಡಲಿಲ್ಲ. ಮರುದಿನ ಸಮುದ್ರ ಶಾಂತವಾಯಿತು. ಆಗಲೇ ಹಿಂದಿರುಗಬೇಕಾಗಿದ್ದುದು ನನ್ನ ಧರ್ಮ. ಆದರೆ ಆಸೆಯು ಧರ್ಮವನ್ನು ಮೀರಿತು. ಒಪ್ಪತ್ತಿನ ದಿನವಾದುದರಿಂದ ಬೆಳಗ್ಗೆ ಒಂದಿಷ್ಟು ಹಾಲು ಕುಡಿದು ಹೊರಟೆವು. ಎರಡು ಸಲ ಮುಳುಗಿದೆವು. ಹನ್ನೊಂದೂವರೆಗೆ ನೀರಿನಿಂದ ಮೇಲೆದ್ದಾಗ, ಸಂಜೆಯೊಳಗೆ ಮನೆ ಸೇರುವೆನೆಂಬ ಧೈರ್ಯದಲ್ಲಿದ್ದೆ.

ಮಗನು ಮೆಲ್ಲನೆ ಹೇಳಿದನು: "ಅಪ್ಪಾ, ಇಂದು ಘಟ್ಟ ಹತ್ತುವಂತಿಲ್ಲ."

ಅವನ ಮಾತು ನಿಜವಾಗಿತ್ತು; ಪಾಠದಲ್ಲಿ ನಾನೂ ಓದಿದ್ದೆ. ಆಳದಲ್ಲಿ ಉಸಿರಾಡಿದ ಗಾಳಿಯ ಸಾರಜನಕವು ರಕ್ತ ಮಾಂಸಗಳಲ್ಲಿ ಕರಗಿ ನಿಲ್ಲುವುದು. ಮೇಲೆ ಬಂದ ತರುವಾಯ ಗಂಟೆಗಟ್ಟಲೆ ಮೆಲ್ಲನೆ ಹೊರಬೀಳುವುದು. ಅಷ್ಟರಲ್ಲಿ ಗಾಳಿಯ ಒತ್ತಡ ಕಡಿಮೆಯಿರುವ ಎತ್ತರಕ್ಕೆ ಏರಿದರೆ, ಗೋಲಿ ಸೋಡಾದ ಬಾಯಿ ತೆರೆದಂತೆ, ಅದು ಗುಳ್ಳೆಗಳಾಗಿ ಕೀಲುಗಳಿಗೂ ನರಗಳಿಗೂ ನುಗ್ಗಬಹುದು. ಆದುದರಿಂದಲೇ ಒಂದು ಸಲ ಮುಳುಗಿದವನು 12 ಗಂಟೆ, ಹಲವು ಸಲ ಮುಳುಗಿದವನು 18 ಗಂಟೆ ಕಳೆಯದೆ ವಿಮಾನವನ್ನು ಹತ್ತಬಾರದೆಂಬ ನಿಯಮ. ಈ ಎಣಿಕೆಯಲ್ಲಿ 2,000 ಅಡಿಯಿಂದ ಮೇಲಿನ ಎತ್ತರವೆಲ್ಲ ಸೇರುವುದು. ವಿಮಾನವೆಂದರೆ ನಮಗೇನೆಂದು ನಾನು ತಿಳಿದಿದ್ದೆ. ಆಗುಂಬೆ, ಶೃಂಗೇರಿ, ಕೊಪ್ಪಗಳೆಲ್ಲ 2,000 ಅಡಿಗೂ ಮೇಲೆ ಇವೆ. ನಮ್ಮ ಮನೆಯಂಗಳವೇ ನಮಗೆ ವಿಮಾನವಾಗಿತ್ತು!

ತಾಯಿಗೆ ಫೋನು ಮಾಡಿದೆ. "ನಾಳೆ ಬ್ರಾಹ್ಮಣರು ಬರುವ ಹೊತ್ತಿಗೆ ಕರ್ತೃವೇ ಇಲ್ಲವೆಂದರೆ?" ಎಂದರು, ಧ್ವನಿ ನಡುಗುತ್ತಿತ್ತು. ಉತ್ತರ ಹೊಳೆಯದೆ ನಿಂತೆ. ಮಗನು ಭೂಪಟವನ್ನು ಹರಡಿ ಕುಳಿತು ದಾರಿ ಕಂಡುಹಿಡಿದನು. ಎತ್ತರಕ್ಕಷ್ಟೇ ನಿಷೇಧ, ಪ್ರಯಾಣಕ್ಕಲ್ಲ. ಭಟ್ಕಳ, ಕುಂದಾಪುರಗಳ ಮೇಲೆ ಕರಾವಳಿಯಲ್ಲೇ ಸಾಗಿ ಘಟ್ಟದ ಬುಡದ ಹೆಬ್ರಿಯಲ್ಲಿ ನೆಂಟರ ಮನೆಯಲ್ಲಿ ರಾತ್ರಿ ತಂಗುವುದು. ಬೆಳಗ್ಗೆ ಐದೂವರೆಗೆ ಹದಿನೆಂಟು ಗಂಟೆಗಳು ತುಂಬುವುವು. ಆ ಮೇಲೆ ಆಗುಂಬೆ ಹತ್ತುವುದು. ಹಾಗೆಯೇ ಮಾಡಿದೆವು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ; ಕತ್ತಲೆಯಲ್ಲಿ ಘಟ್ಟವು ಬಾಗಿಲು ಮುಚ್ಚಿದ ಮನೆಯಂತೆ ನಿಂತಿತ್ತು. ಕೋಳಿ ಕೂಗಿ ತುಸು ಹೊತ್ತಾದ ಮೇಲೆ ಮಗನು ಗಡಿಯಾರವನ್ನು ನೋಡಿ "ಈಗ ಹೊರಡಬಹುದು" ಎಂದನು. ಮಂಜಿನಲ್ಲಿ ತಿರುವುಗಳನ್ನು ಏರಿ ಎಂಟು ಗಂಟೆಗೆ ಮುಂಚೆ ಮನೆ ಮುಟ್ಟಿದೆವು. ತಾಯಿಯವರು ಜಗಲಿಯಲ್ಲೇ ನಿಂತಿದ್ದರು. ನನ್ನ ಮುಖವನ್ನಲ್ಲ, ಮಣಿಕಟ್ಟನ್ನು ಮೊದಲು ನೋಡಿದರು. ದಾರವು ಇತ್ತು. "ಸ್ನಾನಕ್ಕೆ ನೀರು ಕಾದಿದೆ" ಎಂದು ಒಳಗೆ ಹೋದರು.

ಶ್ರಾದ್ಧವು ಸಾಂಗವಾಗಿ ನಡೆಯಿತು. ಅಪರಾಹ್ಣದಲ್ಲಿ ಹರಿಹರಪುರದ ಬಳಿ ತುಂಗೆಗೆ ಇಳಿದು ಪಿಂಡವನ್ನು ನೀರಿಗೆ ಬಿಟ್ಟೆನು. ಎಲ್ಲಿಂದಲೋ ಮೀನುಗಳು ಬಂದವು. ಕಪ್ಪು ಬೆನ್ನುಗಳು ಹೊರಳಿ ಕೆಳಗೆ ಮಾಯವಾದವು. ಕೆಳಗೆ ಅವು ಏನು ಮಾಡುತ್ತವೆಂದು ಈಗ ಒಂದಿಷ್ಟು ಬಲ್ಲೆ. ಹೇಳಿ ನಗಿಸಲು ತಂದೆಯವರು ಇರಲಿಲ್ಲ. ಪಕ್ಕದಲ್ಲಿ ಮಗನಿದ್ದನು, ಅವನಿಗೆ ಹೇಳಿದೆ.

ವಾಚಕರಲ್ಲಿ ಯಾರಾದರೂ ಈ ವಿನೋದಕ್ಕೆ ಮನಸ್ಸು ಮಾಡಿದರೆ ಬೇಡವೆನ್ನಲಾರೆ. ಹೃದಯ, ಶ್ವಾಸಕೋಶ, ಕಿವಿಗಳನ್ನು ವೈದ್ಯರಿಗೆ ತೋರಿಸಿಕೊಂಡು ಹೋಗಿರಿ. ಹವಳವನ್ನು ಮುಟ್ಟಬೇಡಿರಿ, ಏನನ್ನೂ ತರಬೇಡಿರಿ. ಘಟ್ಟದ ಮೇಲಿನವರು ಮಾತ್ರ ಇನ್ನೊಂದನ್ನು ನೆನಪಿಡತಕ್ಕದ್ದು: ಇಳಿಯುವಾಗ ಅವಸರವಿದ್ದರೂ ಇರಲಿ, ಏರುವಾಗ ಕೂಡದು. ಮನೆಯವರು ಕಾಯುತ್ತಿರುವರೆಂದೇ ಮೆಲ್ಲನೆ ಏರಬೇಕು.